ಊಟದ ನಡುವೆ ಎದ್ದವಳು

ಪಕ್ಕೀರಮ್ಮ ಸುಮ್ಮನೆ ಕೂತಿದ್ದನ್ನು ಕಂಡವರು ಹಗರಿಬೊಮ್ಮನಹಳ್ಳಿಯಲ್ಲಿ ಕಡಿಮೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದಾಳೆ ಎಂದು ಹೆತ್ತ ತಾಯಿಯೇ ಬೈಯುತ್ತಿದ್ದಳಂತೆ. ಉಣ್ಣಲು ಕೂತರೆ ಎರಡು ತುತ್ತಿಗೊಮ್ಮೆ ಎದ್ದು ಒಲೆ ನೋಡುವಳು, ಬಾಗಿಲು ನೋಡುವಳು, ಏನೂ ಇಲ್ಲದಿದ್ದರೆ ಬೆಕ್ಕನ್ನಾದರೂ ಓಡಿಸುವಳು. ಗಂಡ ಜೋಗಪ್ಪ ಬದುಕಿದ್ದಾಗ, "ನೀ ಒಂದು ಕಡಿ ನೆಟ್ಟಗ ಕುಂತ ದಿನ ಓಣಿಗೆಲ್ಲ ಹೋಳಿಗಿ ಊಟ ಹಾಕಸ್ತೀನಿ" ಎನ್ನುತ್ತಿದ್ದ. ಜೋಗಪ್ಪ ಹೋದ, ಹೋಳಿಗೆ ಊಟ ಹಾಗೇ ಉಳಿಯಿತು.

ಇಂಥವಳನ್ನು ಒಂದು ಸಂಜೆ ಹಿಡಿದು ಕುರ್ಚಿಯ ಮೇಲೆ ಕೂರಿಸಿದವರು ಜೆಕೊಸ್ಲೊವಾಕಿಯಾ ದೇಶದವರು.

ಎಪ್ಪತ್ತೆಂಟರ ಹೊತ್ತಿಗೆ ಊರ ಹೊರಗೆ ಹೊಸದೊಂದು ನೂಲಿನ ಗಿರಣಿ ಎದ್ದಿತ್ತು. ಯಂತ್ರಗಳು ಆ ದೇಶದಿಂದ ಬಂದಿದ್ದವು. ಅವನ್ನು ಜೋಡಿಸಿ ಓಡಿಸಿ ತೋರಿಸಲು ಯಾರೋಮಿರ್ ಎಂಬ ಎಂಜಿನಿಯರು ಹೆಂಡತಿಯನ್ನು ಕರೆದುಕೊಂಡು ಬಂದ. ಹೆಂಡತಿಯ ಹೆಸರು ಝ್ದೆನಾ. ಅದು ನಮ್ಮವರ ನಾಲಿಗೆಗೆ ಹೊರಳಲಿಲ್ಲ, ಜಡೆಮ್ಮ ಆಯಿತು. ಕಿವಿಯ ಮೇಲಕ್ಕೇ ಕೂದಲು ಕತ್ತರಿಸಿಕೊಂಡ ಹೆಂಗಸನ್ನು ಜಡೆಮ್ಮ ಎಂದು ಕರೆಯುವ ಧೈರ್ಯ ನಮ್ಮೂರಿನವರಿಗಲ್ಲದೆ ಇನ್ಯಾರಿಗೆ ಬರಬೇಕು! ಗಿರಣಿಯ ಬಂಗಲೆಯಲ್ಲಿ ಅವರಿಗೆ ಅಡಿಗೆ ಮಾಡಲು ಪಕ್ಕೀರಮ್ಮನನ್ನು ಇಟ್ಟುಕೊಂಡರು. ಜಡೆಮ್ಮ ಕನ್ನಡ ಕಲಿತದ್ದು ಇವಳಿಂದಲೇ. ಹೀಗಾಗಿ ಆಕೆ ಆಡುವ ನಾಲ್ಕು ಮಾತು ಥೇಟು ಪಕ್ಕೀರಮ್ಮನ ಮಾತೇ, ಬೈಗುಳ ಸಮೇತ.

ಡಿಸೆಂಬರ್ ತಿಂಗಳು ಕ್ರಿಸ್‌ಮಸ್ ಹತ್ತಿರ ಬಂದಂತೆ ಬಂಗಲೆಯಲ್ಲಿ ವಿಚಿತ್ರಗಳು ಸುರುವಾದವು. ಮಾಲವಿ ಡ್ಯಾಮಿನಿಂದ ಜೀವಂತ ಗೆಂಡೆ ಮೀನು ತರಿಸಿ ಬಚ್ಚಲಿನ ನೀರಿನ ತೊಟ್ಟಿಯಲ್ಲಿ ಬಿಟ್ಟರು. ಅವರ ನಾಡಿನಲ್ಲೂ ಹಬ್ಬದ ಮೀನನ್ನು ಹೀಗೇ ಸ್ನಾನದ ತೊಟ್ಟಿಯಲ್ಲಿ ಸಾಕುತ್ತಾರಂತೆ. ಜಡೆಮ್ಮ ಅದಕ್ಕೊಂದು ಹೆಸರಿಟ್ಟು ಹೊತ್ತುಹೊತ್ತಿಗೆ ಮಾತಾಡಿಸುವಳು. "ತಿನ್ನೋ ಮೀನಿಗೆ ಹೆಸರಿಡಬ್ಯಾಡ್ರಿ ಅಮ್ಮಾರ, ಆಮ್ಯಾಲೆ ಗಂಟಲದಾಗ ಇಳಿಯಂಗಿಲ್ಲ" ಎಂದು ಪಕ್ಕೀರಮ್ಮ ಹೇಳಿದಳು. ಯಾರು ಕೇಳಬೇಕು? ಕೊಯ್ಯುವ ದಿನ ಜಡೆಮ್ಮ ಕಣ್ಣೀರು ಹಾಕಿದಳು, ಕತ್ತಿ ಹಿಡಿದವಳು ಪಕ್ಕೀರಮ್ಮ.

ಕ್ರಿಸ್‌ಮಸ್ಸಿನ ಹಿಂದಿನ ದಿನವೇ ಅವರಿಗೆ ದೊಡ್ಡ ಹಬ್ಬ. ಹಗಲೆಲ್ಲ ಉಪವಾಸ. ಉಪವಾಸ ಕೆಡದಂತೆ ಇದ್ದವರಿಗೆ ಸಂಜೆ ಬಂಗಾರದ ಹಂದಿಮರಿ ಕಾಣುತ್ತದಂತೆ. ಮೊದಲ ಚಿಕ್ಕೆ ಮೂಡಿದ ಮೇಲೆಯೇ ಊಟ. ಊಟಕ್ಕೆ ಕೂತವರು ಸರಿಸಂಖ್ಯೆ ಇರಬೇಕು, ಬೆಸ ಆದರೆ ಕೇಡು. ಅಂದು ಬರಬೇಕಿದ್ದ ಇನ್ನೊಬ್ಬ ಜೆಕ್ ಫಿಟ್ಟರು ಯಂತ್ರದ ಬಿಡಿಭಾಗ ಬಿಡಿಸಲು ಬೊಂಬಾಯಿಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದ. ಉಳಿದವರು ಗಂಡ, ಹೆಂಡತಿ, ಗಿರಣಿಯ ಸೂಪರ್‌ವೈಜರ್ ಓಬಳೇಶ, ಮೂವರು. ಜಡೆಮ್ಮ ಅಡಿಗೆಮನೆಗೆ ಬಂದವಳೇ ಪಕ್ಕೀರಮ್ಮನ ಕೈಯಿಂದ ಸೌಟು ಕಸಿದುಕೊಂಡಳು.

"ಪಕ್ಕೀರವ್ವ, ಇವತ್ತ ಅಡಿಗಿಯಾಕಿ ನಾನು. ನೀ ಬೀಗತಿ. ಬಾ, ಕುಂದ್ರು."

ಬಡಿಸುವವಳಿಗೆ ಬಡಿಸಿಕೊಳ್ಳುವುದು ಗೊತ್ತಿರುವುದಿಲ್ಲ. ಪಕ್ಕೀರಮ್ಮ ಕುರ್ಚಿಯ ತುದಿಯಲ್ಲಿ, ಬಸ್ಸಿನಲ್ಲಿ ಕಂಡಕ್ಟರನ ಸೀಟಿನಲ್ಲಿ ಕೂತವಳ ಹಾಗೆ ಮುದುಡಿ ಕೂತಳು. ತಟ್ಟೆಯ ಕೆಳಗೆ ಮೀನಿನ ಹುರುಪೆಯೊಂದನ್ನು ಇಟ್ಟಿದ್ದರು, ಅದು ಇದ್ದರೆ ವರ್ಷವಿಡೀ ಕೈಯಲ್ಲಿ ಕಾಸು ಆಡುತ್ತದಂತೆ. ಪಕ್ಕದಲ್ಲಿ ಯಾರೂ ಇಲ್ಲದ ಇನ್ನೊಂದು ತಟ್ಟೆ. ದಾರಿತಪ್ಪಿ ಬಂದ ಪರದೇಶಿಗೆ ಅದು ಎಂದು ಓಬಳೇಶ ವಿವರಿಸಿದ. ಇದೊಂದು ಮಾತ್ರ ಪಕ್ಕೀರಮ್ಮನಿಗೆ ಬಹಳ ಒಪ್ಪಿಗೆಯಾಯಿತು. ಮೀನಿನ ಸಾರು ಬಂತು, ಕುಡಿದಳು. ಬಟ್ಟಲು ಎತ್ತಿಡಲು ಕೈ ಹಾಕಿದ್ದೇ ತಡ, ಓಬಳೇಶ ನಗುತ್ತ ತಡೆದ.

"ಏಳಬ್ಯಾಡ ಮತ್ತ! ಇವ್ರ ಪೈಕಿ ಒಂದು ಕಟ್ಟು ಐತಿ. ಊಟ ಮುಗಿಯೂದ್ರಾಗ ಮದ್ಲು ಯಾರು ಮ್ಯಾಲೇಳ್ತಾರೋ ಅವ್ರು ಮುಂದಿನ ಹಬ್ಬದೊಳಗ ಸಾಯ್ತಾರಂತ. ಅದಕ್ಕ ಎಲ್ಲಾ ಮದ್ಲ ಮೇಜಿನ ಮ್ಯಾಲೆ ತಂದು ಇಟ್ಕೊಂಡಾರ ನೋಡು."

"ಅಯ್ಯ, ಇದನ್ನ ಕುಂದ್ರೂಕಿಂತ ಮದ್ಲ ಹೇಳಬಾರದನಪ?" ಎಂದಳು ಪಕ್ಕೀರಮ್ಮ. ಯಾರೋಮಿರ್ ಗಟ್ಟಿಯಾಗಿ ನಕ್ಕ. ಅವನು ದೇವರು ದಿಂಡರು ಒಂದನ್ನೂ ಒಪ್ಪದ ಮನುಷ್ಯ. ಅವರ ಸರ್ಕಾರವೂ ದೇವರನ್ನು ಒಪ್ಪುವುದಿಲ್ಲವಂತೆ. ಆದರೂ ಹಬ್ಬ ಬಿಟ್ಟಿಲ್ಲ ನೋಡಿ! ಜಡೆಮ್ಮ ಮಾತ್ರ ನಗಲಿಲ್ಲ. ಪಕ್ಕೀರಮ್ಮ ಅದನ್ನು ಗಮನಿಸಿದಳು. ಕಾಲುಗಳನ್ನು ಕುರ್ಚಿಯ ಕಾಲಿಗೆ ಹೆಣೆದುಕೊಂಡು, ಒಬ್ಬಳೇ ಮಗಳ ಹೆರಿಗೆ ಸುಸೂತ್ರ ಆಗುವ ತನಕವಾದರೂ ಸಾಯಬಾರದಪ್ಪಾ ಎಂದು ಅಂಟಿಕೊಂಡು ಕೂತಳು.

ಮಗಳು ಹುಲುಗಮ್ಮ ಕೊಟ್ಟೂರಿನ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ದಿನ ತುಂಬಿರಲಿಲ್ಲ, ಆ ಧೈರ್ಯದ ಮೇಲೆಯೇ ಪಕ್ಕೀರಮ್ಮ ಸಂಜೆ ಇಲ್ಲಿ ನಿಂತಿದ್ದು. ಮೀನಿನ ಹೋಳು ಕೈಗೆತ್ತಿಕೊಂಡಿರಬೇಕು, ಹಿತ್ತಲ ಬಾಗಿಲಲ್ಲಿ ಓಣಿಯ ಸೂಲಗಿತ್ತಿ ಕೆಂಚಕ್ಕ ನಿಂತು ಏದುಸಿರು ಬಿಡುತ್ತಿದ್ದಳು. ಯಾರೋಮಿರ್ ಇವಳೇ ಪರದೇಶಿ ಎಂದುಕೊಂಡು ಖಾಲಿ ತಟ್ಟೆಯ ಕಡೆ ಕೈ ತೋರಿಸಿದ, ಪಾಪ.

"ಪಕ್ಕೀರೀ, ಹುಡುಗಿಗೆ ಬ್ಯಾನಿ ಸುರು ಆಗೈತಿ. ಕೂಸು ಅಡ್ಡ ತಿರುಗೈತಿ, ನನ್ನ ಕೈಲಿ ಆಗಂಗಿಲ್ಲ. ಲಗೂನ ಬಾ!"

ಜಡೆಮ್ಮ ಪಕ್ಕೀರಮ್ಮನ ಮೊಣಕೈ ಗಟ್ಟಿಯಾಗಿ ಹಿಡಿದಳು. ಒಂದು ಗಳಿಗೆ ಪಕ್ಕೀರಮ್ಮ ಹಾಗೇ ಕೂತಿದ್ದಳು. ಎದ್ದರೆ ತಾನು ಸಾಯಬೇಕು, ಕೂತರೆ ಮಗಳು. ಇದರಲ್ಲಿ ಯೋಚಿಸುವುದೇನಿದೆ? "ನನಗ ಬರೂದು ಬರ್ಲಿ" ಎಂದು ಮೊಣಕೈ ಕೊಸರಿಕೊಂಡು ಎದ್ದು ಓಡಿದಳು.

ಹಿಂದೆಯೇ ಗಿರಣಿಯ ಜೀಪು ಬಂತು. ಡ್ರೈವರ್ ಮಾಬುಸಾಬ್ ಆ ಕುಣಿ ಬಿದ್ದ ರಸ್ತೆಯಲ್ಲಿ, ಪಕ್ಕದ ಸೀಟಿನ ಯಾರೋಮಿರನ ತಲೆ ಜೀಪಿನ ಮೇಲ್ಛಾವಣಿಗೆ ಬಡಿಯುವ ಹಾಗೆ ಓಡಿಸಿ ಹುಲುಗಮ್ಮನನ್ನು ಹೊಸಪೇಟೆಯ ಆಸ್ಪತ್ರೆಗೆ ಮುಟ್ಟಿಸಿದ. ಹೆಣ್ಣು ಕೂಸು. ತಾಯಿ ಮಗು ಇಬ್ಬರೂ ಉಳಿದರು. ಪಕ್ಕೀರಮ್ಮ ಕೂಸಿನ ಮುಖ ನೋಡಿ ಅತ್ತಳು. ಸಂತೋಷಕ್ಕೆ ಅಳುತ್ತಾಳೆ ಎಂದುಕೊಂಡರು. ಸಂತೋಷವೂ ಇತ್ತು. ಆದರೆ ಈ ಕೂಸು ಅಂಬೆಗಾಲಿಡುವುದನ್ನು ನಾನು ನೋಡುತ್ತೇನೆ, ನಡೆಯುವುದನ್ನು ನೋಡುತ್ತೇನೋ ಇಲ್ಲವೋ ಎನ್ನುವುದು ಅವಳ ಎದೆಯಲ್ಲಿ ಕೂತ ಮುಳ್ಳು.

ಪರದೇಶದ ಶಾಪ ನಮ್ಮ ನಾಡಿನಲ್ಲಿ ನಡೆಯುತ್ತದೆಯೇ ಎಂದು ನೀವು ಕೇಳಬಹುದು. ಪಕ್ಕೀರಮ್ಮನೂ ತನ್ನನ್ನು ತಾನು ಕೇಳಿಕೊಂಡಳು. ಪರದೇಶದ ಯಂತ್ರ ನಮ್ಮ ಹತ್ತಿಯನ್ನು ನೂಲುತ್ತದೆ, ಪರದೇಶದ ಮಾತ್ರೆ ನಮ್ಮ ಜ್ವರ ಇಳಿಸುತ್ತದೆ, ಶಾಪಕ್ಕೆ ಮಾತ್ರ ಗಡಿ ಇರುತ್ತದೆಯೇ? ಅವರ ಮನೆಯ ಉಪ್ಪು ಉಂಡು, ಅವರ ಹಬ್ಬದಲ್ಲಿ ಕೂತು, ಅವರ ಕಟ್ಟು ಮುರಿದು ಎದ್ದವಳು. ನಂಬುವುದಿಲ್ಲ ಎಂದು ಬಾಯಲ್ಲಿ ಹೇಳಿಕೊಂಡಷ್ಟೂ ಎದೆ ಢವಢವ ಎನ್ನುತ್ತಿತ್ತು. ಆ ಮಾತನ್ನು ಯಾರ ಮುಂದೆಯೂ ಆಡಲಿಲ್ಲ. ಆಡಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಸಾಯುವುದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಹೆಣ್ಣು ಹುಟ್ಟಿದ ಸುದ್ದಿ ಕೇಳಿದ ಅಳಿಯ ಕೊಟ್ಟೂರಿನಿಂದ ಈ ಕಡೆ ತಲೆ ಹಾಕಲಿಲ್ಲ. ಇಂದು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಹೇಳಿಕಳಿಸುವುದೇ ಆಯಿತು. ತಾನು ಕಣ್ಣು ಮುಚ್ಚಿದರೆ ಈ ತಾಯಿ ಮಗು ಬೀದಿಪಾಲು. ಸಾಯುವ ಮೊದಲು ಹುಲುಗಮ್ಮನನ್ನು ಅವಳ ಕಾಲ ಮೇಲೆ ನಿಲ್ಲಿಸಬೇಕು. ಪಕ್ಕೀರಮ್ಮನ ಕಾಲಿನ ಚಕ್ರಕ್ಕೆ ಈಗ ಇನ್ನಷ್ಟು ವೇಗ ಬಂತು.

ಓಬಳೇಶನ ಬೆನ್ನು ಬಿದ್ದಳು. ಗಿರಣಿಯಲ್ಲಿ ನೂಲು ಸುತ್ತುವ ಕಡೆ ಮಗಳಿಗೊಂದು ಕೆಲಸ ಬೇಕು. "ಬಾಣಂತಿ ಅದಾಳ, ಗಡಿಬಿಡಿ ಏನೈತಿ? ಬರೂ ವರ್ಷ ನೋಡೂಣಂತ" ಎಂದ ಓಬಳೇಶ. ಬರುವ ವರ್ಷ! ಪಕ್ಕೀರಮ್ಮನಿಗೆ ಕಾದ ಎಣ್ಣೆಗೆ ಸಾಸಿವೆ ಬಿದ್ದಂತಾಯಿತು. "ಬರೂ ವರ್ಷ ಅಂತ ನನಗ ಹೇಳಬ್ಯಾಡಪ. ಈ ವರ್ಷದ ಮಾತಾಡು" ಎಂದು ರೇಗಿದಳು. ಮುಂಜಾನೆ ಅವನು ಹಲ್ಲುಜ್ಜುವಾಗ ಬಾಗಿಲಲ್ಲಿ ಇವಳು, ಗಿರಣಿಯ ಗೇಟಿನಲ್ಲಿ ಇವಳು, ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಬೆನ್ನ ಹಿಂದೆ ಇವಳು. ಕಡೆಗೆ ಓಬಳೇಶನ ಹೆಂಡತಿಯೇ, "ಆಕಿಗೆ ಕೆಲಸ ಕೊಡ್ರಿ, ಇಲ್ಲಾ ನನ್ನ ತವರಿಗೆ ಕಳಸ್ರಿ" ಎಂದಳಂತೆ.

ಇಷ್ಟರ ನಡುವೆ ನೀಲಗುಂದದ ಅಕ್ಕ ಪಾಲಮ್ಮನ ಮನೆಗೆ ಹೋದಳು. ಎಮ್ಮೆಯೊಂದರ ಸಲುವಾಗಿ ಅಕ್ಕತಂಗಿಯರು ಮಾತು ಬಿಟ್ಟು ಕಾಲವಾಗಿತ್ತು. ಎಮ್ಮೆ ಸತ್ತಿತ್ತು, ಜಗಳ ಬದುಕಿತ್ತು. ಪಕ್ಕೀರಮ್ಮ ಹೋದವಳೇ ಅಕ್ಕನ ಕಾಲಿಗೆ ಬಿದ್ದು, "ತಪ್ಪು ನಂದ ಐತಿ" ಎಂದಳು. ಪಾಲಮ್ಮ ಹೆದರಿಹೋದಳು. ಹುಟ್ಟಿದಾಗಿನಿಂದ ತಪ್ಪು ಒಪ್ಪಿಕೊಳ್ಳದ ತಂಗಿಗೆ ಏನು ಗಾಳಿ ಸೋಕಿತೋ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಬರುವಾಗ ಪಕ್ಕೀರಮ್ಮ ಹರಪನಹಳ್ಳಿಯಲ್ಲಿ ಇಳಿದು ಒಂದು ಹೊಸ ಸೀರೆ ಕೊಂಡು ಪೆಟ್ಟಿಗೆಯ ತಳಕ್ಕಿಟ್ಟಳು. ಯಾಕವ್ವಾ, ಉಡುವುದಿಲ್ಲವೇ ಎಂದು ಹುಲುಗಮ್ಮ ಕೇಳಿದರೆ, "ಟೈಮು ಬಂದಾಗ ನೀವ ಉಡಸ್ತೀರಿ" ಎಂದು ಅಡಿಗೆಮನೆಗೆ ಹೋದಳು.

ಯುಗಾದಿ ಕಳೆದ ಮೇಲೆ ಒಂದು ಸೋಮವಾರ. ಪಕ್ಕೀರಮ್ಮ ಬಂಗಲೆಯ ಹಿತ್ತಲಿಗೆ ಕಾಲಿಡುತ್ತಾಳೆ, ಯಾರೋಮಿರ್ ಲಕ್ಕಿ ಗಿಡದ ಹಸಿ ಬರಲುಗಳಿಂದ ಹೆಣೆದ ಚಾಟಿ ಹಿಡಿದು ಹೆಂಡತಿಯನ್ನು ಅಟ್ಟಾಡಿಸುತ್ತಿದ್ದಾನೆ! ಜಡೆಮ್ಮ ಬಟ್ಟೆ ಒಣಹಾಕಿದ ಹಗ್ಗದ ಕೆಳಗೆ ನುಸಿದು ಓಡುತ್ತಿದ್ದಾಳೆ. ಎಷ್ಟು ಸಾಧು ಅಂದುಕೊಂಡಿದ್ದೆನಲ್ಲ, ಗಂಡಸರ ಜಾತಿಯೇ ಇಷ್ಟು ಎಂದು ಪಕ್ಕೀರಮ್ಮನಿಗೆ ನೆತ್ತಿಗೇರಿತು. ಒಳಗಿನಿಂದ ಒನಕೆ ತಂದು ಇಬ್ಬರ ನಡುವೆ ನಿಂತಳು.

"ಹೊಡೀರಿ ನೋಡೂಣು! ಆಕಿಗೆ ಹೇಳೋರು ಕೇಳೋರು ಇಲ್ಲಂತ ಮಾಡೀರೇನು? ನಾ ಅದೀನಿ!"

ಜಡೆಮ್ಮ ನಕ್ಕು ನಕ್ಕು ನೆಲದ ಮೇಲೆ ಕೂತಳು. ಈಸ್ಟರ್ ಸೋಮವಾರ ಅವರ ಊರುಗಳಲ್ಲಿ ಗಂಡಸರು ಮನೆಮನೆಗೆ ಹೋಗಿ ಹಸಿ ಬರಲಿನ ಚಾಟಿಯಿಂದ ಹೆಂಗಸರಿಗೆ ಮೆಲ್ಲಗೆ ಮುಟ್ಟಿಸುತ್ತಾರಂತೆ. ಚಿಗುರುವ ಬರಲಿನ ಜೀವ ಹೆಂಗಸಿನ ಮೈಗೆ ಇಳಿಯುತ್ತದೆ, ಮುಂದಿನ ಈಸ್ಟರಿನ ತನಕ ರೋಗವಿಲ್ಲ ರುಜಿನವಿಲ್ಲ. ಅದಕ್ಕೆ ಪ್ರತಿಯಾಗಿ ಹೆಂಗಸರು ಬಣ್ಣದ ಮೊಟ್ಟೆ ಕೊಡಬೇಕು. ಹಿಂದಿನ ದಿನ ಉಳ್ಳಾಗಡ್ಡಿ ಸಿಪ್ಪೆಯಲ್ಲಿ ಮೊಟ್ಟೆ ಬೇಯಿಸಿದ್ದು ಇದಕ್ಕೇನೇ ಎಂದು ಪಕ್ಕೀರಮ್ಮನಿಗೆ ಆಗ ತಿಳಿಯಿತು. ನಾಚಿ ಒನಕೆ ಒಳಗಿಟ್ಟಳು. ರೊಟ್ಟಿ ಬಡಿದಳು. ಬಡಿಯುತ್ತ ಬಡಿಯುತ್ತ ಕೈ ನಿಂತಿತು. ಮುಂದಿನ ಈಸ್ಟರಿನ ತನಕ ಎಂದರೆ ಕ್ರಿಸ್‌ಮಸ್ ನಡುವೆಯೇ ಬಂತಲ್ಲ! ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಹೋದಳು.

"ಸಾಹೇಬ್ರ, ನನಗೂ ಎರಡು ಹಾಕ್ರಿ."

ಯಾರೋಮಿರ್ ಮುಜುಗರದಿಂದ ಸೆರಗಿನ ತುದಿಗೆ ಮುಟ್ಟಿಸಿದ. "ಇದೆಂಥಾದ್ರಿ, ನೊಣ ಹೊಡದಂಗ? ಬಿಗಿ ಹಾಕ್ರಿ, ಮೈಗೆ ತಾಗಬೇಕು" ಎಂದು ಬೆನ್ನು ತಿರುಗಿಸಿ ನಿಂತಳು. ಯಾರೋಮಿರ್ ನಗಬೇಕೆಂದವನು ಅವಳ ಮುಖ ನೋಡಿ ನಗಲಿಲ್ಲ. ಜಡೆಮ್ಮ ಚಾಟಿಯನ್ನು ಗಂಡನ ಕೈಯಿಂದ ತೆಗೆದುಕೊಂಡು ತಾನೇ ಹೊಡೆದಳು, ಸರಿಯಾಗಿ, ಬರೆ ಏಳುವ ಹಾಗೆ. ಪಕ್ಕೀರಮ್ಮ ತೃಪ್ತಿಯಿಂದ ಒಳಗೆ ಹೋದಳು.

ತೃಪ್ತಿ ಎಷ್ಟು ದಿನ? ಮೇ ಒಂದರಂದು ಹೂಬಿಟ್ಟ ಮರದಡಿ ಗಂಡ ಹೆಂಡತಿಗೆ ಮುತ್ತಿಡಬೇಕು ಎಂಬ ಪದ್ಧತಿಯಂತೆ, ಇಬ್ಬರೂ ಕೆಂಪಗೆ ಅರಳಿದ ಗುಲ್‌ಮೊಹರ್ ಕೆಳಗೆ ನಿಂತರು. ಜೀಪು ತೊಳೆಯುತ್ತಿದ್ದ ಮಾಬುಸಾಬ್ "ತೋಬಾ ತೋಬಾ" ಎಂದು ಗೋಡೆಯ ಕಡೆ ತಿರುಗಿದ. ಊರೆಲ್ಲ ಆ ಸುದ್ದಿಗೆ ನಕ್ಕಿತು, ಅಂದು ಮುತ್ತು ಸಿಗದ ಹೆಂಗಸು ವರ್ಷದೊಳಗೆ ಒಣಗಿಹೋಗುತ್ತಾಳಂತೆ ಎಂದು ಕೇಳಿದ ಪಕ್ಕೀರಮ್ಮನಿಗೆ ಮಾತ್ರ ನಗು ಬರಲಿಲ್ಲ. ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಇದೇ ಇರಬೇಕು ಎಂದುಕೊಂಡಳು. ಜಡೆಮ್ಮ ಡಾಕ್ಟರನ್ನು ಕರೆದುಕೊಂಡು ಗುಡಿಸಲಿಗೆ ಬಂದು, ಜ್ವರ ಇಳಿಯುವ ತನಕ ಚಾಪೆಯ ಪಕ್ಕ ಬಿಟ್ಟೇಳಲಿಲ್ಲ. ಇವಳು ನಾನು ಹೋಗುವುದನ್ನು ನೋಡಲಿಕ್ಕೇ ಕೂತಿದ್ದಾಳೆ ಎಂದು ಪಕ್ಕೀರಮ್ಮನಿಗೆ ಸಿಟ್ಟೂ ಬಂತು. ಜ್ವರ ಬಿಟ್ಟಿತು. ಎದ್ದ ಮಾರನೆಯ ದಿನವೇ ಓಬಳೇಶನ ಬಾಗಿಲಿಗೆ ಹೋದಳು. ದಸರೆಗೆ ಹುಲುಗಮ್ಮ ಗಿರಣಿಗೆ ಸೇರಿದಳು.

ನವೆಂಬರ್ ಮೊದಲಲ್ಲಿ ಜಡೆಮ್ಮ ಬಂಗಲೆಯ ಕಟ್ಟೆಯ ಮೇಲೆ ಸಾಲಾಗಿ ಮೇಣದಬತ್ತಿ ಹಚ್ಚಿದಳು. ಊರಲ್ಲಿದ್ದರೆ ಸಮಾಧಿಗಳ ಮೇಲೆ ಹಚ್ಚುತ್ತಿದ್ದರಂತೆ, ಅದು ಸತ್ತವರ ದಿನ. ಇದು ಅವ್ವಂದು, ಇದು ಅಪ್ಪಂದು, ಇದು ಸಣ್ಣಮ್ಮಂದು ಎಂದು ತೋರಿಸಿದಳು. ಪಕ್ಕೀರಮ್ಮ ಗಾಳಿಗೆ ಸೆರಗು ಅಡ್ಡ ಹಿಡಿದು ನಿಂತು, "ಬರೂ ಸಲ ಒಂದು ಹೆಚ್ಚಿಗಿ ತರಸ್ರಿ ಅಮ್ಮಾರ" ಎಂದಳು. ಜಡೆಮ್ಮ ಅವಳನ್ನೇ ನೋಡಿದಳು. ಉಳಿದ ಬತ್ತಿಗಳನ್ನು ಸರಸರನೆ ಡಬ್ಬಿಗೆ ತುಂಬಿ ಒಳಗೆ ಒಯ್ದಳು.

ಅಂತೂ ಮತ್ತೆ ಆ ಸಂಜೆ ಬಂತು. ಯಂತ್ರಗಳ ಕೆಲಸ ಮುಗಿದಿತ್ತು, ಸಂಕ್ರಾಂತಿ ಕಳೆದರೆ ದಂಪತಿಗಳು ಹೊರಡುವವರು. ಫಿಟ್ಟರು ಆಗಲೇ ತನ್ನ ದೇಶಕ್ಕೆ ಮರಳಿದ್ದ. ಅಂದು ಊಟಕ್ಕೆ ಮತ್ತೆ ಅದೇ ಮೂವರು, ನಾಲ್ಕನೆಯವಳಾಗಿ ಪಕ್ಕೀರಮ್ಮ ಬೇಕು. ಅವ್ವನ ಜೊತೆ ಬಂದಿದ್ದ ಹುಲುಗಮ್ಮ ಸೂಪರ್‌ವೈಜರ್ ಎದುರು ಕೂರಲು ನಾಚಿ ಕೂಸಿನ ಸಂಗಡ ಅಡಿಗೆಮನೆಯಲ್ಲೇ ಉಳಿದಳು. ಪಕ್ಕೀರಮ್ಮ ಬಾಗಿಲು ಬಿಟ್ಟು ಒಳಗೆ ಬರಲಿಲ್ಲ.

"ಕುಂದ್ರಂಗಿಲ್ಲ. ಒಂದ ಸಲ ಕುಂತು ವರ್ಷೆಲ್ಲಾ ಸತ್ತೀನಿ" ಎಂದಳು. ಅಷ್ಟು ದಿನ ಕಟ್ಟಿಹಾಕಿದ್ದೆಲ್ಲ ಒಡ್ಡು ಒಡೆದಂತೆ ಹೊರಗೆ ಬಂತು. "ಮುಂಜಾನಿ ಎದ್ದ ಕೂಡ್ಲೆ ಇವತ್ತೇನೋ, ಮಕ್ಕೊಂಡ ಕೂಡ್ಲೆ ಇವತ್ತೇನೋ! ಊಟಕ್ಕ ಕರದು ಸಾವು ಬಡಸ್ತಾರನ್ರಿ ಯಾರರ?"

ಓಬಳೇಶ ತಗ್ಗಿದ ದನಿಯಲ್ಲಿ ಅದನ್ನು ಇಂಗ್ಲಿಷಿಗೆ ತಂದ. ತರುವ ಅಗತ್ಯ ಜಡೆಮ್ಮನಿಗೆ ಇರಲಿಲ್ಲ. ಅವಳು ಆಗಲೇ ಅಳುತ್ತಿದ್ದಳು.

"ನನಗೂ ಅಂಜಿಕಿ ಪಕ್ಕೀರವ್ವ. ದಿನಾ ಅಂಜಿಕಿ. ನಿನಗ ಜ್ವರ ಬಂತು, ನಾ ನಿದ್ದಿ ಮಾಡ್ಲಿಲ್ಲ. ಹೇಳಿದ್ರ ಖರೆ ಆಗತೈತಿ ಅಂತ ಹೇಳ್ಲಿಲ್ಲ. ಇವತ್ತಿಗೆ ಮುಗೀತು. ಬಾ, ಕುಂದ್ರು. ನೀ ಜೀವಂತ ಅದೀ."

ಬೆನ್ನ ಮೇಲೆ ಬರೆ ಏಳುವಂತೆ ಹೊಡೆದದ್ದು ಯಾಕೆಂದು ಪಕ್ಕೀರಮ್ಮನಿಗೆ ಹೊಳೆದದ್ದು ಆಗ. ಅವಳ ಸಿಟ್ಟು ಸರ್ರನೆ ಇಳಿಯಿತು. ಮುಖ ಒರೆಸಿಕೊಂಡು ಬಂದು ಕೂತಳು. ಯಾರೋಮಿರ್ ಮಾತ್ರ ತಲೆ ಕೊಡವಿ, ಎಲ್ಲ ಮುದುಕಿಯರ ಕತೆ, ಇದಕ್ಕೆ ಒಂದು ವರ್ಷ ಹಾಳು ಮಾಡಿಕೊಂಡಿರಾ ಇಬ್ಬರೂ ಎಂದು ಗೊಣಗುತ್ತ ಸಾರು ಹೀರಿದ.

ಮೀನು ಅರ್ಧ ಮುಗಿದಿತ್ತು. ಅಡಿಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು, ಅದರ ಹಿಂದೆಯೇ ಕೂಸು ಚಿಟ್ಟನೆ ಚೀರಿತು. ಪಕ್ಕೀರಮ್ಮನ ತಲೆಗೆ ತಿಳಿಯುವ ಮೊದಲೇ ಮೈ ಎದ್ದಾಗಿತ್ತು. ಅಲ್ಲ, ಏಳುವುದರಲ್ಲಿತ್ತು. ಎದುರಿನ ಕುರ್ಚಿ ದಢಾರನೆ ಹಿಂದಕ್ಕೆ ಬಿತ್ತು. ಯಾರೋಮಿರ್ ನೆಟ್ಟಗೆ ನಿಂತಿದ್ದ. ಮೇಜಿನ ಮೇಲಿಂದ ಉದ್ದಕ್ಕೆ ಕೈ ಚಾಚಿ ಅವಳ ಭುಜವನ್ನು ಕೆಳಗೆ ಒತ್ತಿ, ಹೆಂಡತಿಯಿಂದ ಕೇಳಿ ಕಲಿತ ಹರಕು ಕನ್ನಡದಲ್ಲಿ ಕೂಗಿದ.

"ಕುಂದ್ರು! ನಾ ಮದ್ಲು! ನಾ ಮದ್ಲು ಎದ್ದೀನಿ!"

ಜಡೆಮ್ಮ ಕಿಟಾರನೆ ಅವನ ಹೆಸರು ಹಿಡಿದು ಕೂಗಿದಳು. ಯಾರೋಮಿರ್ ಓಬಳೇಶನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕ. "ನಾ ಇದನ್ನ ನಂಬಂಗಿಲ್ಲ, ನಂಬದಿದ್ದವ್ರಿಗೆ ಇದು ತಟ್ಟಂಗಿಲ್ಲ ಅಂತಾರ" ಎಂದ ಓಬಳೇಶ. ಮಾತೇನೋ ಸರಿಯೇ. ಆದರೆ ನಕ್ಕ ಮೇಲೂ ತನ್ನ ಭುಜದ ಮೇಲಿದ್ದ ಆ ಕೈಯ ಬಿಗಿ ಸಡಿಲಾಗದ್ದು ಪಕ್ಕೀರಮ್ಮನಿಗೆ ಗೊತ್ತಾಯಿತು. ಕೂಸಿಗೆ ಏನೂ ಆಗಿರಲಿಲ್ಲ, ಕೊಳಗ ಉರುಳಿಸಿ ತಾನೇ ಬೆಚ್ಚಿತ್ತು.

ಅವರು ಹೊರಟುಹೋದರು. ಗಿರಣಿಯ ಗೇಟಿನಲ್ಲಿ ಜಡೆಮ್ಮ ಪಕ್ಕೀರಮ್ಮನನ್ನು ಅಪ್ಪಿಕೊಂಡು ಅತ್ತಳು, ಯಾರೋಮಿರ್ ಎರಡೂ ಕೈ ಮುಗಿದ. ಅಂದಿನಿಂದ ಪಕ್ಕೀರಮ್ಮನ ಚಡಪಡಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ತನ್ನ ಸಾವಿಗೆ ಕಾಯುವುದಾದರೆ ಕನ್ನಡಿಯಲ್ಲಿ ಮುಖ ನೋಡಿಕೊಂಡು ಇನ್ನೂ ಇದ್ದೇನೆ ಎನ್ನಬಹುದು. ಸಮುದ್ರದಾಚೆ ಇರುವವನನ್ನು ಎಲ್ಲಿ ಹೋಗಿ ನೋಡುವುದು? ಓಬಳೇಶನನ್ನು ಕಂಡಾಗಲೆಲ್ಲ, "ಸಾಹೇಬ್ರ ಸುದ್ದಿ ಏನರ?" ಎನ್ನುವಳು. ಸುದ್ದಿ ಎಲ್ಲಿಂದ ಬರಬೇಕು? ಒಂದು ಭಾನುವಾರ ತಡೆಯಲಾರದೆ ಹಡಗಲಿ ಬಸ್ಸು ಹಿಡಿದು ಮೈಲಾರಕ್ಕೆ ಹೋದಳು. ಜಾತ್ರೆಯ ದಿನಗಳಲ್ಲ, ಗುಡಿಯ ಮುಂದೆ ಜನವಿರಲಿಲ್ಲ. ಕಂಬಳಿ ಹೊದ್ದ ಮುದುಕ ಗೊರವಪ್ಪನೊಬ್ಬ ಕೂತಿದ್ದ. ಅವನ ದೋಣಿಗೆ, ಅಂದರೆ ಹರಕೆಯ ಮರದ ಬಟ್ಟಲಿಗೆ, ಬಾಳೆಹಣ್ಣು, ಬೆಲ್ಲ, ಹಾಲು ಹಾಕಿ ತುಂಬಿಸಿದಳು.

"ಯಾರ ಹೆಸರಿನ ಹರಕಿ, ತಾಯಿ?"

"ಯಾರೋಮಿರಪ್ಪ ಅಂತ."

"ಯಾವೂರು?"

"ದೂರ ಐತ್ರಿ. ನನಗ ಬರೂದನ್ನ ತಾನು ತಗೊಂಡು ಹೋಗ್ಯಾನ. ಚೆಂದಾಗಿ ಇರ್ಲಿ ಅನ್ರಿ. ಅಂವ ದೇವ್ರನ್ನ ನಂಬಂಗಿಲ್ಲ, ಅದನ್ನ ಮನಸಿಗೆ ಹಚ್ಚಿಕೋಬ್ಯಾಡ ಅಂತ ಸ್ವಾಮಿಗೆ ಹೇಳ್ರಿ."

ಗೊರವಪ್ಪನಿಗೆ ನಗು ತಡೆಯಲಾಗಲಿಲ್ಲ. "ನಂಬದವ್ನ ಹೆಸರ್ಲೆ ದೋಣಿ ತುಂಬಸ್ತೀಯಲ್ಲವ್ವ! ಅವ್ನಿಗೆ ಗೊತ್ತಾದ್ರ ನಗತಾನ."

"ನಗ್ಲಿ ಬಿಡಪ್ಪ," ಎಂದಳು ಪಕ್ಕೀರಮ್ಮ. "ನಗಾಕ ಜೀವಂತ ಇರಬೇಕಲ್ಲ."